ರೂಟ್‌ಭ್ರಂಶ ನಿದಾನ

ಯಾವ ಶಾಸ್ತ್ರಗ್ರಂಥವೇ ಆಗಲಿ, ಅಧಿಕಾರಿ ಯಾರು, ವಿಷಯ ಯಾವುದು, ಪ್ರಯೋಜನ ಏನು ಎಂದು ಮೊದಲೇ ಹೇಳಿ ಮುಂದಕ್ಕೆ ಹೋಗಬೇಕೆಂಬುದು ಹಿರಿಯರ ಕಟ್ಟಳೆ. ಅದರಂತೆ, ಈ ಗ್ರಂಥಕ್ಕೆ ಅಧಿಕಾರಿ ಎಂದರೆ ನೆಟ್ಟಗಿದ್ದ ಆಂಡ್ರಾಯ್ಡ್ ಫೋನನ್ನು ಕೈಯಾರೆ ರೂಟ್ ಮಾಡಿಕೊಂಡು, ಒಂದು ಬೆಳಗ್ಗೆ ಆ ರೂಟ್ ಮಾಯವಾಗಿರುವುದನ್ನು ಕಂಡವನು. ಅವನ ಬಳಿ ಇನ್ನೊಂದು ಫೋನು ಇರತಕ್ಕದ್ದು. ಇಲ್ಲದಿದ್ದರೆ ಇದನ್ನು ಓದುವುದು ಯಾವುದರಲ್ಲಿ? ವಿಷಯ, ಕಳೆದುಹೋದ ರೂಟ್. ಪ್ರಯೋಜನ, ಅದು ಸಿಕ್ಕ ಕೂಡಲೇ ಯಾರ ಕಣ್ಣಿಗೂ ಬೀಳದಂತೆ ಮುಚ್ಚಿಡುವುದು. ಪ್ರಯೋಜನದ ಈ ವೈಚಿತ್ರ್ಯವನ್ನು ಮುಂದೆ ನಿರೂಪಿಸಲಾಗುವುದು.

ಯೂನಿಕ್ಸ್ ಮತದಲ್ಲಿ ಪ್ರತಿಯೊಬ್ಬ ಬಳಕೆದಾರನಿಗೂ ಒಂದು ಸಂಖ್ಯೆಯುಂಟು. 0 ಸಂಖ್ಯೆಯವನೇ ರೂಟ್, ಅವನಿಗೆ ಬೇಡವೆನ್ನುವವರಿಲ್ಲ. ಲಿನಕ್ಸಿನ ಮೇಲೆ ಕಟ್ಟಿದ ಆಂಡ್ರಾಯ್ಡಿನಲ್ಲಿಯೂ ಸೊನ್ನೆ ಇದ್ದಾನೆ. ಆದರೆ ದುಡ್ಡು ಕೊಟ್ಟು ಫೋನು ತಂದವನಿಗೆ ಆ ಪೀಠ ಸಿಗುವುದಿಲ್ಲ. ಆ್ಯಪುಗಳಿಗೆ 10000ದಿಂದ ಮೇಲಿನ ಸಂಖ್ಯೆಗಳು. ಕೇಬಲ್ ಚುಚ್ಚಿ ಶೆಲ್ಲಿನ ಮೂಲಕ ಒಳಹೊಕ್ಕ ಮಾಲೀಕನಿಗೆ 2000. ತನ್ನ ಮನೆಯಲ್ಲಿ ತಾನು ಎರಡು ಸಾವಿರದವನು. ಕೃತಯುಗದಲ್ಲಿ ಹೀಗಿರಲಿಲ್ಲ. 2008ರಲ್ಲಿ ಬಂದ ಮೊದಲ ಆಂಡ್ರಾಯ್ಡ್ ಫೋನಾದ ಟಿ-ಮೊಬೈಲ್ ಜಿ1ರಲ್ಲಿ ಕೀಬೋರ್ಡಿನಲ್ಲಿ ಒತ್ತಿದ್ದೆಲ್ಲವೂ ತೆರೆಮರೆಯಲ್ಲಿ ರೂಟ್ ಶೆಲ್ಲಿಗೂ ಹೋಗುತ್ತಿತ್ತು. ಯಾರಿಗೋ ಮೆಸೇಜ್ ಬರೆಯುತ್ತ ‘ರೀಬೂಟ್’ ಎಂಬ ಪದ ಟೈಪಿಸಿ ಎಂಟರ್ ಒತ್ತಿದರೆ, ಅಪ್ಪಣೆ ಎಂದು ಫೋನು ರೀಬೂಟ್ ಆಗುತ್ತಿತ್ತು. ಗೂಗಲ್ ಇದನ್ನು ದೋಷವೆಂದು ಬಗೆದು ಸರಿಪಡಿಸಿತು. ಯುಗ ಬದಲಾಯಿತು.

ಈಗ ಪರೀಕ್ಷಾವಿಧಿ. ಫೋನನ್ನು ಕಂಪ್ಯೂಟರಿಗೆ ಜೋಡಿಸಿ ಎಡಿಬಿ ಶೆಲ್ ತೆರೆದರೆ ಡಾಲರ್ ಚಿಹ್ನೆ ಮಿನುಗುತ್ತದೆ. ಅಲ್ಲಿ ಎಸ್, ಯು ಎಂಬ ಎರಡಕ್ಷರ ಹೊಡೆದು ಎಂಟರ್ ಒತ್ತಬೇಕು. ಡಾಲರ್ ಹೋಗಿ ಹ್ಯಾಶ್ ಬಂದರೆ ರೋಗಿ ಗಟ್ಟಿಮುಟ್ಟು, ವೈದ್ಯ ಮನೆಗೆ ಹೋಗಬಹುದು. ಆದರೆ ಸಾಮಾನ್ಯವಾಗಿ ಬರುವ ಉತ್ತರ ‘ಇನ್‌ಆ್ಯಕ್ಸೆಸಿಬಲ್ ಆರ್ ನಾಟ್ ಫೌಂಡ್’. ಅಂದರೆ ಎಸ್‌ಯು ಇದ್ದೂ ಕೈಗೆ ಸಿಗದು, ಅಥವಾ ಅದು ಇಲ್ಲವೇ ಇಲ್ಲ. ಅಭಾವವನ್ನು ಏಳನೆಯ ಪದಾರ್ಥವೆಂದು ವೈಶೇಷಿಕರು ಎಣಿಸಿದರು. ನೆಲದ ಮೇಲೆ ಗಡಿಗೆ ಇಲ್ಲದಿರುವುದನ್ನು ಅರಿಯಲು ಕಣ್ಣು ಸಾಲದು, ಅನುಪಲಬ್ಧಿ ಎಂಬ ಬೇರೆಯೇ ಪ್ರಮಾಣ ಬೇಕೆಂದು ಭಾಟ್ಟ ಮೀಮಾಂಸಕರು ಪಟ್ಟುಹಿಡಿದರು. ಆಂಡ್ರಾಯ್ಡಿನ ಶೆಲ್ಲು ನಡುವೆ ಒಂದು ‘ಅಥವಾ’ ಇಟ್ಟು ಎಲ್ಲರನ್ನೂ ಮನೆಗೆ ಕಳಿಸಿಬಿಟ್ಟಿದೆ.

ಮಂದ ಶಿಷ್ಯರ ಅನುಕೂಲಕ್ಕಾಗಿ ಒಂದು ಸೂಚನೆ. ಎಷ್ಟೋ ಸಲ ರೂಟ್ ಎಲ್ಲಿಯೂ ಹೋಗಿರುವುದಿಲ್ಲ. ರೂಟ್ ಕೊಡಿಸುವ ಮ್ಯಾಜಿಸ್ಕ್ ಎಂಬ ತಂತ್ರಾಂಶದ ಅನುಮತಿ ಕೇಳುವ ಪೆಟ್ಟಿಗೆ 10 ಸೆಕೆಂಡು ಕಾಯುತ್ತದೆ. ಅಷ್ಟರೊಳಗೆ ಕಾಫಿ ಲೋಟ ಕೆಳಗಿಟ್ಟು ‘ಗ್ರಾಂಟ್’ ಒತ್ತದಿದ್ದರೆ ‘ಡಿನೈ’ ಎಂದೇ ತೀರ್ಮಾನ. ಇಲ್ಲವೇ ರೋಗಿ ಎಂದೋ ಅವಸರದಲ್ಲಿ ತಾನೇ ಡಿನೈ ಒತ್ತಿ ಮರೆತಿರುತ್ತಾನೆ. ಸೂಪರ್‌ಯೂಸರ್ ಪುಟದಲ್ಲಿ ಆ ಆ್ಯಪಿನ ಎದುರಿನ ಸ್ವಿಚ್ಚನ್ನು ಸರಿಸಿದರೆ ಆಯಿತು. ಪ್ರಬಂಧ ಇಲ್ಲಿಗೇ ಮುಗಿದುಹೋಗುವ ಅಪಾಯವಿರುವುದರಿಂದ ಈ ಸಂಭವವನ್ನು ಹೆಚ್ಚು ಬೆಳೆಸುವುದಿಲ್ಲ.

ನಿಜವಾದ ಭ್ರಂಶದ ಕಾರಣವನ್ನು ತಿಳಿಯಲು ಗ್ರಂಥಸಂಪಾದನಾಶಾಸ್ತ್ರವೇ ಗತಿ. ರೂಟ್ ಎಂಬುದು ಪ್ರಕ್ಷಿಪ್ತ ಪಾಠ. ಹಿಂದೆ ಸಿಸ್ಟಮ್ ವಿಭಾಗಕ್ಕೇ ಕೈಹಾಕಿ ಸಾಲು ತುರುಕುತ್ತಿದ್ದರು. 2016ರಲ್ಲಿ ಜಾನ್ ವು ಹೊರತಂದ ಮ್ಯಾಜಿಸ್ಕ್ ಮೂಲಗ್ರಂಥವನ್ನು ಮುಟ್ಟುವುದಿಲ್ಲ. ಬೂಟ್ ಇಮೇಜ್ ಎಂಬ ಪೀಠಿಕೆಯಲ್ಲಿ ಮಾತ್ರ ತನ್ನ ಪದ್ಯ ಸೇರಿಸುತ್ತದೆ, ಪೀಠಿಕೆ ದಾಟಿ ಬಂದವರಿಗೆ ಮುಂದಿನ ಆಶ್ವಾಸಗಳ ಅರ್ಥವೇ ಬೇರೆ. ಸಿಸ್ಟಮ್ ಅಪ್‌ಡೇಟ್ ಎಂದರೆ ಪ್ರಕಾಶಕರ ಪರಿಷ್ಕೃತ ಆವೃತ್ತಿ. ಪೀಠಿಕೆಯೂ ಹೊಸದು, ನಮ್ಮ ಪದ್ಯ ಮಂಗಮಾಯ. ಬಹುಮಟ್ಟಿಗೆ ರೋಗದ ಮೂಲ ಇದೇ. ರಾತ್ರಿ ‘ಇನ್‌ಸ್ಟಾಲ್ ನೌ’ ಒತ್ತಿ ಮಲಗಿದ್ದನ್ನು ರೋಗಿ ತಾನಾಗಿ ಹೇಳುವುದಿಲ್ಲ, ಗದರಿಸಿ ಕೇಳಬೇಕು.

ಪೀಠಿಕೆ ಯಾವುದೆಂಬುದರಲ್ಲಿಯೂ ಪಾಠಭೇದವಿದೆ. ಆಂಡ್ರಾಯ್ಡ್ 13ರೊಂದಿಗೇ ಮಾರುಕಟ್ಟೆಗೆ ಇಳಿದ ಫೋನುಗಳಲ್ಲಿ ರಾಮ್‌ಡಿಸ್ಕ್ ‘ಇನಿಟ್ ಬೂಟ್’ ಎಂಬ ಬೇರೆ ಕಡೆಗೆ ಬಿಡಾರ ಬದಲಿಸಿದೆ. ಹಳೆಯ ವಿಡಿಯೋ ನೋಡಿಕೊಂಡು ‘ಬೂಟ್’ ತಿದ್ದಿದವನು ಬಾಡಿಗೆದಾರ ಖಾಲಿಮಾಡಿದ ಮನೆಯ ಬಾಗಿಲು ಬಡಿಯುತ್ತಿರುತ್ತಾನೆ. ಎ ಸ್ಲಾಟಿನಲ್ಲಿ ತಿದ್ದಿ ಬಿ ಸ್ಲಾಟಿನಲ್ಲಿ ಬೂಟ್ ಮಾಡಿ ಅಳುವವರು ಬೇರೆ ಇದ್ದಾರೆ. ಬೇರೆ ಬಿಲ್ಡಿನ ಇಮೇಜ್ ತಂದು ಹಾಕಿದವರಿಗೆ ಅಳಲೂ ಪುರುಸೊತ್ತಿಲ್ಲ: ಲೋಗೋ ಬರುತ್ತದೆ, ಪರದೆ ಕಪ್ಪಾಗುತ್ತದೆ, ಮತ್ತೆ ಲೋಗೋ. ಇದು ಬೂಟ್‌ಲೂಪ್. ವೇದಾಂತಿಗಳು ಇದನ್ನು ಸಂಸಾರ ಎನ್ನುತ್ತಾರೆ, ಆದರೆ ಅವರಲ್ಲಿ ಫಾಸ್ಟ್‌ಬೂಟ್ ಇಲ್ಲ. ಯಾವುದೋ ಮಾಡ್ಯೂಲ್ ಹಾಕಿದ್ದರಿಂದ ಲೂಪು ಹಿಡಿದಿದ್ದರೆ ಸೇಫ್ ಮೋಡಿನಲ್ಲಿ ಎಬ್ಬಿಸಿ ನೋಡಬೇಕು. ಮಾಡ್ಯೂಲುಗಳೆಲ್ಲ ಅಲ್ಲಿ ಬಾಯಿಮುಚ್ಚುತ್ತವೆ.

ಚಿಕಿತ್ಸೆಯಲ್ಲಿ ಎರಡು ಸಂಪ್ರದಾಯ. ಗ್ರಂಥಸ್ಥರ ಪ್ರಕಾರ, ಬಿಲ್ಡ್ ನಂಬರಿಗೆ ಅಕ್ಷರಶಃ ಹೊಂದುವ ಫರ್ಮ್‌ವೇರ್ ಇಳಿಸಿ, ಅದರಿಂದ ಇಮೇಜ್ ಬೇರ್ಪಡಿಸಿ, ಮ್ಯಾಜಿಸ್ಕಿನಿಂದ ಪ್ಯಾಚ್ ಮಾಡಿಸಿ, ಫ್ಲಾಶ್ ಮಾಡತಕ್ಕದ್ದು. ಬೆಂಗಳೂರಿನ ಎಸ್.ಪಿ. ರೋಡಿನ ಕೌಂಟರುಗಳಲ್ಲಿ ಬಾಯಿಂದ ಬಾಯಿಗೆ ಬಂದ ಸಂಪ್ರದಾಯದ್ದು ಒಂದೇ ಸೂತ್ರ: “ಬಿಡಿ ಸಾರ್, ಫುಲ್ ಫ್ಲಾಶ್ ಹೊಡೆದುಬಿಡೋಣ.” “ಡೇಟಾ?” ಎಂಬುದು ಪೂರ್ವಪಕ್ಷ. “ಹೋಗತ್ತೆ ಸಾರ್” ಎಂಬುದು ಸಿದ್ಧಾಂತ. ಇಷ್ಟು ಅಲ್ಪಾಕ್ಷರವೂ ಅಸಂದಿಗ್ಧವೂ ಆದ ಸೂತ್ರ ಪಾಣಿನಿಯಲ್ಲಿಯೂ ವಿರಳ.

ರೂಟ್ ಮರಳಿ ಬಂದಿತೆನ್ನಿ. ಹ್ಯಾಶ್ ಕಂಡಿತು, ಸೊನ್ನೆಯ ಪಟ್ಟಾಭಿಷೇಕವಾಯಿತು. ಸಾರ್ವಭೌಮ ಹಾಲಿನ ಬೂತಿಗೆ ಹೋಗಿ ಕ್ಯೂಆರ್ ಕೋಡಿನ ಮುಂದೆ ಫೋನು ಹಿಡಿಯುತ್ತಾನೆ. ಈ ಸಾಧನ ಸುರಕ್ಷಿತವಲ್ಲ ಎಂದು ಹೇಳಿ ಆ್ಯಪು ಕದ ಹಾಕಿಕೊಳ್ಳುತ್ತದೆ. ಹಿಂದೆ ನಿಂತವರು “ಸ್ವಲ್ಪ ಬೇಗ ಸಾರ್” ಎನ್ನುತ್ತಿರುವಾಗ ಚಕ್ರವರ್ತಿ ಜೇಬಿನಲ್ಲಿ ಚಿಲ್ಲರೆ ತಡಕುತ್ತಾನೆ. ಬ್ಯಾಂಕುಗಳ ಹಟವೂ ಅಕಾರಣವಲ್ಲ: ಫೋನು ರೂಟ್ ಆಗಿದೆಯೇ ಎಂದು ಪರೀಕ್ಷಿಸಿ ತಡೆಯುವ ಸಾಧ್ಯತೆಯನ್ನು ನೋಡಿರೆಂದು ರಿಸರ್ವ್ ಬ್ಯಾಂಕ್ 2021ರ ಡಿಜಿಟಲ್ ಪಾವತಿ ಭದ್ರತಾ ನಿರ್ದೇಶನದಲ್ಲಿಯೇ ಹೇಳಿದೆ.

ಇಲ್ಲಿಂದ ವಿರಾಟಪರ್ವ. ಮ್ಯಾಜಿಸ್ಕ್ ಆ್ಯಪಿಗೆ ವೇಷ ಮರೆಸುವ ವಿದ್ಯೆ ಗೊತ್ತು; ಯಾವ ಹೆಸರು ಬೇಕೆಂದು ನೀವು ಹೇಳದಿದ್ದರೆ ಅದು ಇಟ್ಟುಕೊಳ್ಳುವ ಹೆಸರು ‘ಸೆಟ್ಟಿಂಗ್ಸ್’. ಭೀಮ ವಲಲನಾಗಿ ಅಡುಗೆಮನೆ ಹೊಕ್ಕಂತೆಯೇ. ಡಿನೈಲಿಸ್ಟಿನಲ್ಲಿ ಬ್ಯಾಂಕ್ ಆ್ಯಪಿನ ಹೆಸರಿನ ಮುಂದೆ ಟಿಕ್ ಹಾಕಿದರೆ ಪ್ರಕ್ಷಿಪ್ತವೆಲ್ಲ ಅದರ ಕಣ್ಣಿಗೆ ಮರೆ. ಆದರೆ ಪಾಂಡವರಿಗೆ ಒಂದೇ ವರ್ಷದ ಅಜ್ಞಾತವಾಸ. ಇವನಿಗೆ ಆ್ಯಪು ಅಪ್‌ಡೇಟ್ ಆದಾಗಲೆಲ್ಲ ಹೊಸ ವೇಷ. ವೇಷ ಹಾಕಿಸಿದ್ದನ್ನು ಮರೆತು ಇನ್ನೊಂದು ಮ್ಯಾಜಿಸ್ಕ್ ಇಳಿಸಿಕೊಂಡು, ನಿಜವಾದ ವಲಲ ಯಾರೆಂದು ತಲೆ ಕೆರೆದುಕೊಳ್ಳುವ ಮಾಲೀಕನೂ ಉಂಟು. ಎದುರು ಪಕ್ಷದ, ಅಂದರೆ ಗೂಗಲ್‌ನ, ಗೂಢಚಾರನ ಹೆಸರು ಪ್ಲೇ ಇಂಟೆಗ್ರಿಟಿ. ಅವನ ಪರೀಕ್ಷೆ ಬೇಸಿಕ್, ಡಿವೈಸ್, ಸ್ಟ್ರಾಂಗ್ ಎಂದು ಮೂರು ಬಗೆ. ಸ್ಟ್ರಾಂಗ್ ಎಂಬುದು ಭದ್ರತಾ ಚಿಪ್ಪಿನ ಸಾಕ್ಷ್ಯ ಕೇಳುತ್ತದೆ. ಬೂಟ್‌ಲೋಡರಿನ ಬೀಗ ತೆರೆದಿರುವ ಸಂಗತಿ ಆ ಚಿಪ್ಪಿಗೆ ಫೋನು ಏಳುವಾಗಲೇ ತಿಳಿದಿರುತ್ತದೆ, ಆಮೇಲೆ ಹಚ್ಚಿದ ಬಣ್ಣಕ್ಕೆ ಅಲ್ಲಿ ಬೆಲೆಯಿಲ್ಲ. ಸಾಲದ್ದಕ್ಕೆ 2021ರಲ್ಲಿ ಜಾನ್ ವು ಗೂಗಲ್‌ನ ಆಂಡ್ರಾಯ್ಡ್ ಭದ್ರತಾ ತಂಡವನ್ನೇ ಸೇರಿದರು, ರೂಟನ್ನು ಮರೆಮಾಡುತ್ತಿದ್ದ ಮ್ಯಾಜಿಸ್ಕ್‌ಹೈಡ್ ಎಂಬ ಹಳೆಯ ಸೌಲಭ್ಯ ಕೈಬಿಟ್ಟುಹೋಯಿತು. ಬಣ್ಣದ ಪೆಟ್ಟಿಗೆಯವರೇ ಕೌರವರ ಕಡೆ ಹೋದಮೇಲೆ ಮಿಕ್ಕವರು ಏನು ಮಾಡಿಯಾರು?

ವೈರಾಗ್ಯ ಹುಟ್ಟಿ ರೂಟೇ ಬೇಡವೆನ್ನುವವರಿಗೆ ಪ್ರಾಯಶ್ಚಿತ್ತವಿದೆ. ಕಂಪನಿಯ ಫರ್ಮ್‌ವೇರ್ ಪೂರ್ತಿ ಹಾಕಿ, ಅದು ಸರಿಯಾಗಿ ಎದ್ದಮೇಲೆ ಬೂಟ್‌ಲೋಡರಿಗೆ ಬೀಗ ಹಾಕಬೇಕು. ತಿದ್ದಿದ ಇಮೇಜ್ ಒಳಗಿರುವಾಗಲೇ ಬೀಗ ಹಾಕಿದರೆ ಫೋನು ಏಳುವುದಿಲ್ಲ. ಈ ಪ್ರಾಯಶ್ಚಿತ್ತ ಸ್ಯಾಮ್‌ಸಂಗ್ ಫೋನಿಗೆ ಸಾಲದು. ಅದರಲ್ಲಿ ನಾಕ್ಸ್ ಎಂಬ ಫ್ಯೂಸಿದೆ. ತಿದ್ದಿದ ಇಮೇಜ್ ಒಮ್ಮೆ ಬೂಟ್ ಆದರೆ ಅದು ಸುಟ್ಟು 0 ಹೋಗಿ 1 ಆಗುತ್ತದೆ, ಸೆಕ್ಯೂರ್ ಫೋಲ್ಡರ್ ಅಂದಿಗೆ ಸಮಾಪ್ತಿ. ಅದನ್ನು ಮತ್ತೆ 0 ಮಾಡುವ ವಿಧಿ ಯಾವ ಸ್ಮೃತಿಯಲ್ಲಿಯೂ ಹೇಳಿಲ್ಲ. ಅಂಥ ಫೋನು ಮಾರುವಾಗ ಕೊಳ್ಳುವವನಿಗೆ ಮೊದಲೇ ತಿಳಿಸತಕ್ಕದ್ದು. ತಿಳಿಸಿದರೆ ಬೆಲೆ ಇಳಿಯುತ್ತದೆ. ತಿಳಿಸದಿದ್ದರೆ, ಅವನು ಸೆಕ್ಯೂರ್ ಫೋಲ್ಡರ್ ತೆರೆಯಲು ಹೋದ ಸಂಜೆ ಒಂದು ಕರೆ ಬರುತ್ತದೆ. ಆ ಕರೆಗೆ ಈ ಗ್ರಂಥದಲ್ಲಿ ಚಿಕಿತ್ಸೆ ಹೇಳಿಲ್ಲ.