ರಸ್ತೆ ಗೊತ್ತಾಗದಿರಲು ಏಳು ಸಾವಿರ ಡಾಲರ್

ಕೋಟಿ ಕೊಟ್ಟು ಕಾರು ಕೊಳ್ಳುವವನಿಗೂ ಸಂಕಟ ತಪ್ಪಿದ್ದಲ್ಲ. ಪೋರ್ಷೆಯ ವಿದ್ಯುತ್ ಕಾರು ಟೈಕಾನ್ ಬುಕ್ ಮಾಡಲು ಕೂತಿದ್ದಾನೆ. ಬಣ್ಣ ಆಯಿತು, ಚಕ್ರ ಆಯಿತು. ಪರದೆಯ ಮೇಲೆ ಸಸ್ಪೆನ್ಷನ್ನಿನದೊಂದು ಖಾಲಿ ಚೌಕ ಉಳಿದಿದೆ: ‘ಪೋರ್ಷೆ ಆ್ಯಕ್ಟಿವ್ ರೈಡ್’. ಟಿಕ್ ಮಾಡಲೇ, ಬಿಡಲೇ? ಪಾಪ, ರಾತ್ರಿ ನಿದ್ದೆಯಿಲ್ಲ.

ಅಮೆರಿಕದಲ್ಲಿ ಆ ಚೌಕದ ಬೆಲೆ ಏಳು ಸಾವಿರ ಡಾಲರ್‌ಗೂ ಮೇಲೆ. ನಮ್ಮ ದುಡ್ಡಿನಲ್ಲಿ ಆರು ಲಕ್ಷದ ಆಸುಪಾಸು. ಅಷ್ಟಕ್ಕೆ ಇಲ್ಲಿ ಒಂದು ಇಡೀ ಆಲ್ಟೊ ಬರುತ್ತದೆ. ಸಸ್ಪೆನ್ಷನ್ ಸಮೇತ.

ಹಾಗಂತ ಆ ಚೌಕ ಖಾಲಿ ಬಿಟ್ಟರೆ ಸೊಂಟ ಮುರಿಯುತ್ತದೆಯೇ? ಇಲ್ಲ. 2024ರಲ್ಲಿ ಹೊಸ ರೂಪ ಪಡೆದ ಟೈಕಾನ್‌ನ ಅತಿ ಅಗ್ಗದ ಮಾದರಿಗೂ ಏರ್ ಸಸ್ಪೆನ್ಷನ್ ಇದ್ದೇ ಇರುತ್ತದೆ. ಮೊದಲು ಯುರೋಪಿನಲ್ಲಿ ಅಗ್ಗದ ಮಾದರಿ ಕೊಂಡವನಿಗೆ ಉಕ್ಕಿನ ಸ್ಪ್ರಿಂಗು ಕೊಟ್ಟು, ಏರ್ ಬೇಕಾದರೆ ಬೇರೆ ದುಡ್ಡು ಇಡು ಎನ್ನುತ್ತಿದ್ದರು. ಈಗ ಅದನ್ನು ಮಾಮೂಲಿ ಮಾಡಿದರು. ಬೇರೆ ದುಡ್ಡಿನ ಜಾಗ ಖಾಲಿಯಾಯಿತು. ಖಾಲಿ ಬಿಡುತ್ತಾರೆಯೇ? ಆ್ಯಕ್ಟಿವ್ ರೈಡ್ ತಂದು ಕೂರಿಸಿದರು.

ಎಂಜಿನಿಯರುಗಳ ಮೇಲೆ ನನಗೇನೂ ಸಿಟ್ಟಿಲ್ಲ. ಅವರು ಮಾಡಿರುವುದು ನಿಜಕ್ಕೂ ಅದ್ಭುತ. ನಾಲ್ಕೂ ಚಕ್ರದ ಡ್ಯಾಂಪರ್‌ಗೆ ಒಂದೊಂದು ವಿದ್ಯುತ್ ಮೋಟಾರು, ಒಂದೊಂದು ಹೈಡ್ರಾಲಿಕ್ ಪಂಪು. ಸೆಕೆಂಡಿಗೆ 13 ಸಲದವರೆಗೆ ಚಕ್ರವನ್ನು ಒತ್ತುತ್ತದೆ, ಎಳೆಯುತ್ತದೆ. ಬ್ರೇಕ್ ಹಾಕಿದರೆ ಮೂತಿ ಬಗ್ಗುವುದಿಲ್ಲ. ಆಕ್ಸಿಲರೇಟರ್ ತುಳಿದರೆ ಹಿಂಭಾಗ ಕುಸಿಯುವುದಿಲ್ಲ. ತಿರುವಿನಲ್ಲಿ ಕಾರು ಹೊರಕ್ಕೆ ವಾಲುವ ಬದಲು ಬೈಕ್ ಸವಾರನಂತೆ ಒಳಕ್ಕೆ ವಾಲುತ್ತದೆ. ಬಾಗಿಲು ತೆಗೆದರೆ ಸಾಕು, 55 ಮಿಲಿಮೀಟರ್ ಮೇಲೆದ್ದು ನಿಲ್ಲುತ್ತದೆ.

ಯಾಕೆ ಮೇಲೇಳಬೇಕು? ಒಳಗೆ ಕೂರಲು ಅನುಕೂಲವಾಗಲಿ ಅಂತ. ಸ್ಪೋರ್ಟ್ಸ್ ಕಾರು ನೆಲಕ್ಕಂಟಿರಬೇಕು ಎಂದು ಹಟ ಹಿಡಿದು ಕೊಂಡವನ ಮಂಡಿ ಬಗ್ಗುವುದಿಲ್ಲವಲ್ಲ!

ಇಲ್ಲಿಂದ ಮುಂದೆ ತಮಾಷೆ ನೋಡಿ. ಇದೇ ಗಿರಾಕಿ ಎರಡು ನಿಮಿಷ ಮುಂಚೆ ಚಕ್ರ ಆರಿಸಿದ್ದ. ಅಗ್ಗದ ಮಾದರಿಗಳಿಗೆ 19 ಇಂಚಿನ ಚಕ್ರ ಪುಕ್ಕಟೆ ಬರುತ್ತದೆ. ಟೈರಿನ ಪಕ್ಕ ದಪ್ಪ, ಓಟ ಮೆತ್ತಗೆ, ಒಂದು ಚಾರ್ಜಿಗೆ ಓಡುವ ದೂರವೂ ಹೆಚ್ಚು. ಆದರೆ ಫೋಟೋದಲ್ಲಿ ಚಿಕ್ಕದಾಗಿ ಕಾಣುತ್ತದೆ. ಆದ್ದರಿಂದ ಸಾವಿರಾರು ಡಾಲರ್ ಕೊಟ್ಟು 21 ಇಂಚಿನದು ತಗೊಂಡ. ಟೈರು ರಬ್ಬರ್ ಪಟ್ಟಿಯಷ್ಟಾಯಿತು. ಕುಲುಕಾಟ ಬಂತು. ಮುಂದಿನ ಪುಟದಲ್ಲಿ ಕುಲುಕಾಟಕ್ಕೆ ಔಷಧಿ ಕೊಂಡ. ರೋಗ, ಔಷಧಿ ಎರಡೂ ಒಂದೇ ಬಿಲ್ಲಿನಲ್ಲಿ.

ಇನ್ನೊಂದು. ಇವನಿಗೆ ಪೋರ್ಷೆಯೇ ಯಾಕೆ ಬೇಕಿತ್ತು? ‘ರಸ್ತೆ ಕೈಗೆ ಗೊತ್ತಾಗಬೇಕು, ಅದೇ ಮಜಾ’ ಅಂದಿದ್ದ. ರಸ್ತೆ ಗೊತ್ತಾಗಲು ಕಾರಿನ ದುಡ್ಡು. ರಸ್ತೆ ಗೊತ್ತಾಗದಿರಲು ಮೇಲೆ ಏಳು ಸಾವಿರ.

ಪೆಟ್ರೋಲ್ ಗದ್ದಲ ಸಾಕು, ಮೌನದ ಕಾರು ಬೇಕು ಎಂದವರೂ ಇವರೇ. ಅದಕ್ಕೂ ಆ ಪಟ್ಟಿಯಲ್ಲಿ ಒಂದು ಚೌಕವಿದೆ: ‘ಎಲೆಕ್ಟ್ರಿಕ್ ಸ್ಪೋರ್ಟ್ ಸೌಂಡ್’. ಸ್ಪೀಕರಿನಿಂದ ಗದ್ದಲ ಬರುತ್ತದೆ. ಅದಕ್ಕೂ ದುಡ್ಡು.

ಆ್ಯಕ್ಟಿವ್ ರೈಡ್‌ಗೆ ಮರಳೋಣ. ಅದು ನಾಲ್ಕೂ ಚಕ್ರಕ್ಕೆ ಬಲ ಹೋಗುವ ಮಾದರಿಗಳಿಗೆ ಮಾತ್ರ. ಹಿಂದಿನ ಚಕ್ರದ ಅಗ್ಗದ ಟೈಕಾನ್ ಸಾಕು ಎಂದವನು ಮೊದಲು ಮೇಲಿನ ಕಾರಿಗೆ ಬಡ್ತಿ ಪಡೆಯಬೇಕು. ಆಮೇಲೆ ಸಸ್ಪೆನ್ಷನ್ನಿಗೆ ಹೆಚ್ಚು ಕೊಡುವ ಯೋಗ್ಯತೆ ಬರುತ್ತದೆ.

ಮಾತೆತ್ತಿದರೆ ಜರ್ಮನಿಯ ನೂರ್‌ಬರ್ಗ್‌ರಿಂಗ್ ರೇಸ್ ಟ್ರ್ಯಾಕಿನ ಹಳೆಯ ದಾಖಲೆ ಹೇಳುತ್ತಾರೆ. 20.8 ಕಿಲೋಮೀಟರ್, 7 ನಿಮಿಷ 7 ಸೆಕೆಂಡು. ಸರಿಯಪ್ಪ. ಅದು ಟರ್ಬೊ ಜಿಟಿ, ವೈಸಾಖ್ ಪ್ಯಾಕೇಜಿನದು. ಅದಕ್ಕೆ ಹಿಂದಿನ ಸೀಟೇ ಇಲ್ಲ. ಅಮೆರಿಕದ ಸನ್ನಿವೇಲ್‌ನಲ್ಲಿರುವ ನಮ್ಮ ಹುಡುಗನ ಹಿಂದಿನ ಸೀಟಿನಲ್ಲಿ ಊರಿಂದ ಬಂದ ಅತ್ತೆ, ಮಾವ ಕೂತಿದ್ದಾರೆ. 101 ಹೆದ್ದಾರಿಯಲ್ಲಿ ಗಂಟೆಗೆ 65 ಮೈಲಿಯ ಮಿತಿಯಿದೆ, ಸಂಜೆ ಆರಕ್ಕೆ ಅದರ ಕಾಲುಭಾಗವೂ ಸಿಗುವುದಿಲ್ಲ. ಅವನ ಸಸ್ಪೆನ್ಷನ್ನು ಸೆಕೆಂಡಿಗೆ 13 ಸಲ ಏನು ಮಾಡಬೇಕು? ಮುಂದಿನ ಕಾರಿನ ನಂಬರ್ ಪ್ಲೇಟು ಓದಬೇಕೇ?

ಅಲ್ಲದೆ, ಈ ಕಾರು ವಾಲುವುದೇ ಕಡಿಮೆ. ದೊಡ್ಡದಾದರೆ 600 ಕಿಲೋ ದಾಟುವ ಬ್ಯಾಟರಿ ನೆಲದಲ್ಲೇ ಮಲಗಿದೆ. ಭಾರವೆಲ್ಲ ಕೆಳಗೆ. ಬ್ಯಾಟರಿ ಅರ್ಧಕ್ಕರ್ಧ ಬಗೆಹರಿಸಿದ ತೊಂದರೆಗೆ ಆ್ಯಕ್ಟಿವ್ ರೈಡ್ ಎರಡನೇ ವೈದ್ಯ.

ಬೆಂಗಳೂರಿನಲ್ಲೂ ಟೈಕಾನ್ ಓಡುತ್ತದೆ. ಇಲ್ಲಿನ ಮಾಲೀಕರ ದೂರು ಒಂದೇ: ರಸ್ತೆ ಸರಿಯಿಲ್ಲ. ನಿಜ, ಸರಿಯಿಲ್ಲ. ಆದರೆ 2024ರವರೆಗೆ ಕರ್ನಾಟಕದಲ್ಲಿ ವಿದ್ಯುತ್ ಕಾರಿಗೆ ರಸ್ತೆ ತೆರಿಗೆಯೇ ಇರಲಿಲ್ಲ. ಒಂದೂವರೆ ಕೋಟಿಯ ಟೈಕಾನ್‌ಗೂ ಇಲ್ಲ. ಅದೇ ರಸ್ತೆಯಲ್ಲಿ ಕಂತು ಕಟ್ಟಿ ಸ್ಕೂಟರ್ ಕೊಂಡು ಪೆಟ್ರೋಲ್ ಹಾಕಿಸುವವನು ಮಾತ್ರ ತೆರಿಗೆ ಕಟ್ಟಿದ. ಆ ವರ್ಷ ಸರ್ಕಾರ 25 ಲಕ್ಷಕ್ಕಿಂತ ಮೇಲಿನ ವಿದ್ಯುತ್ ಕಾರಿಗೆ ಶೇ. 10 ತೆರಿಗೆ ಹಾಕಿದಾಗ ಪರಿಸರದ ಬಗ್ಗೆ ಕಾಳಜಿ ಉಕ್ಕಿ ಬಂದವರಿಗೇನೂ ಬರವಿರಲಿಲ್ಲ.

ಇಲ್ಲಿನ ಹಂಪ್‌ಗಳಿಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಲೆಕ್ಕವಿದೆ. 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ. ಗಲ್ಲಿಯವರು ರಾತ್ರೋರಾತ್ರಿ ಸಿಮೆಂಟು ಸುರಿದು ಮಾಡಿದ ಗುಡ್ಡಕ್ಕೆ ಆ ಲೆಕ್ಕ ಗೊತ್ತಿಲ್ಲ. ಅದರೆದುರು ಕಾರಿನ ಹೊಟ್ಟೆ ಉಳಿಸುವುದು ಆ್ಯಕ್ಟಿವ್ ರೈಡ್ ಅಲ್ಲ, ಕಾರನ್ನು ಎತ್ತುವ ಗುಂಡಿ. ಅದು ಏರ್ ಸಸ್ಪೆನ್ಷನ್ನಿನ ಜೊತೆಗೇ ಬರುತ್ತದೆ. ಒಮ್ಮೆ ಎತ್ತಿದ ಜಾಗವನ್ನು ಜಿಪಿಎಸ್‌ನಲ್ಲಿ ನೆನಪಿಟ್ಟುಕೊಂಡು ಮುಂದಿನ ಸಲ ತಾನೇ ಏಳುವ ವ್ಯವಸ್ಥೆಯೂ ಇದೆ. ಬೆಂಗಳೂರಿನಲ್ಲಿ ನೆನಪಿಡಬೇಕಾದ್ದು ಎಷ್ಟೆಂದು ಸ್ಟುಟ್‌ಗಾರ್ಟ್‌ನ ಪೋರ್ಷೆಯವರು ಲೆಕ್ಕ ಹಾಕಿದಂತಿಲ್ಲ.

ಕೊಳ್ಳಲೇಬೇಕಾದರೆ ಹಿಂದಿನ ಚಕ್ರವೂ ತಿರುಗುವ ರಿಯರ್ ಆ್ಯಕ್ಸಲ್ ಸ್ಟೀರಿಂಗ್ ಕೊಳ್ಳಿ. ಐದು ಮೀಟರ್ ಉದ್ದದ ಕಾರು ಬೇಸ್‌ಮೆಂಟ್ ಕಂಬಕ್ಕೆ ಉಜ್ಜದೆ ತಿರುಗುತ್ತದೆ. 21 ಇಂಚು ಬಿಟ್ಟು 19 ತಗೊಳ್ಳಿ. ಟೈರಿನ ಗಾಳಿ ಸರಿಯಾಗಿಡಿ. ಆ್ಯಕ್ಟಿವ್ ರೈಡ್‌ನ ಪೂರ್ತಿ ಸುಖ ಸಿಗುವುದು ಪಕ್ಕದಲ್ಲಿ, ಹಿಂದೆ ಕೂತವರಿಗೆ. ಅವರು ದುಡ್ಡು ಕೊಟ್ಟಿಲ್ಲ.

‘ಮುಂದೆ ಮಾರುವಾಗ ರೇಟು ಬರತ್ತೆ ಸಾರ್’ ಎನ್ನುತ್ತಾನೆ ಮಾರುವವನು. ಟೈಕಾನ್‌ನ ಸೆಕೆಂಡ್ ಹ್ಯಾಂಡ್ ಬೆಲೆ ಹೇಗೆ ಬಿದ್ದಿದೆಯೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು? ಅಮೆರಿಕದಲ್ಲಿ ವಾರಂಟಿ ನಾಲ್ಕು ವರ್ಷ. ಐದನೇ ವರ್ಷ ನಾಲ್ಕು ಪಂಪಿನಲ್ಲಿ ಒಂದು ಕೈಕೊಟ್ಟರೆ ಆ ‘ರೇಟು’ ಯಾರ ಜೇಬಿನಿಂದ ಹೋಗುತ್ತದೆ ಎಂದು ಅವನು ಹೇಳುವುದಿಲ್ಲ. ಇವನೂ ಕೇಳುವುದಿಲ್ಲ. ಇಷ್ಟೆಲ್ಲ ಕೇಳಿಸಿಕೊಂಡು ಇವನು ಕೇಳುವುದೇ ಬೇರೆ: ‘ಅದಿರಲಿ ಸಾರ್, ಸೀಟ್ ಬೆಲ್ಟು ಕೆಂಪು ತಗೊಳ್ಳಲಾ? ಅದಕ್ಕೂ ಒಂದು ಚೌಕ ಇದೆ.’