ಶ್ರೀ ನಿಯಮಾವಳಿಯವರಿಗೆ ಬಿನ್ನವತ್ತಳೆ

ವೇದಿಕೆಯ ಮೇಲಿರುವ ಗಣ್ಯರೇ, ಕತ್ತಲಲ್ಲಿ ಕೂತರೂ ಕೆಮ್ಮಿನಿಂದಲೇ ಗುರುತು ಸಿಗುವ ಗ್ರಾಮಸ್ಥರೇ, ಬ್ಯಾಟರಿ ಹಿಡಿದು ನಿಂತಿರುವ ಅಧ್ಯಕ್ಷರೇ,

ಮಲೆನಾಡಿನ ಈ ಮೂಲೆಯಲ್ಲಿ ಇವತ್ತು ನಾವು ಸನ್ಮಾನಿಸುತ್ತಿರುವುದು ಸಾಮಾನ್ಯರನ್ನಲ್ಲ. 2003ರ ವಿದ್ಯುತ್ ಕಾಯ್ದೆಯ 57ನೇ ಕಲಮಿನ ವಂಶದಲ್ಲಿ, ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಮನೆಯಲ್ಲಿ, 2004ರಲ್ಲಿ ಜನಿಸಿದ ಶ್ರೀಮಾನ್ ಕಾರ್ಯನಿರ್ವಹಣಾ ಮಾನದಂಡ ನಿಯಮಾವಳಿಯವರನ್ನು! ಅವರು ಝೆರಾಕ್ಸ್ ರೂಪದಲ್ಲಿ ಕುರ್ಚಿಯ ಮೇಲೆ ಬಿಜಯಂಗೈದಿದ್ದಾರೆ. ಗಾಳಿಗೆ ಹಾರಬಾರದೆಂದು ಮೇಲೊಂದು ತೆಂಗಿನಕಾಯಿ ಇಟ್ಟಿದ್ದೇವೆ. ಅಗೌರವವೆಂದು ಯಾರೂ ಭಾವಿಸಬಾರದು.

ಪೂಜ್ಯರೇ, ತಾವು ಹುಟ್ಟಿದಾಗಲೇ ಕೊಟ್ಟ ಮಾತನ್ನು ನಾವು ಮರೆತಿಲ್ಲ. ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, ಸುಟ್ಟರೆ ಪಟ್ಟಣದಲ್ಲಿ 24 ಗಂಟೆಯೊಳಗೆ, ಹಳ್ಳಿಯಲ್ಲಿ 72 ಗಂಟೆಯೊಳಗೆ ಬದಲಿಸತಕ್ಕದ್ದು ಎಂದಿರಿ. ಹಳ್ಳಿಯವರಿಗೆ ತಾಳ್ಮೆ ಮೂರು ಪಟ್ಟು ಹೆಚ್ಚೆಂದು ಅಷ್ಟು ಚಿಕ್ಕ ವಯಸ್ಸಿನಲ್ಲೇ ಕಂಡುಕೊಂಡ ತಮ್ಮ ಲೋಕಾನುಭವಕ್ಕೆ ನಮೋ ನಮಃ. ಗಡುವು ಮೀರಿದರೆ ಗ್ರಾಹಕನಿಗೆ 50 ರೂಪಾಯಿ ಪರಿಹಾರ ಎಂದೂ ಗೊತ್ತುಮಾಡಿದಿರಿ. ಮೇಣದಬತ್ತಿಗೆ ಸಾಕು, ಬೆಂಕಿಪೊಟ್ಟಣಕ್ಕೂ ಚಿಲ್ಲರೆ ಉಳಿಯುತ್ತದೆ. ಈಗ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಬಂದು ಎಷ್ಟೋ ಮನೆಗಳ ಬಿಲ್ಲೇ ಸೊನ್ನೆಯಾಗಿದೆ. ಪರಿಹಾರವನ್ನು ಬಿಲ್ಲಿನಲ್ಲೇ ಕಳೆಯುತ್ತೇವೆಂದು ಯಾರಾದರೂ ಹೊರಟರೆ ಸೊನ್ನೆಯಿಂದ ಐವತ್ತು ಕಳೆಯುವ ಲೆಕ್ಕವನ್ನು ನಮ್ಮ ಶಾಲೆಯ ಮೇಷ್ಟ್ರು ಹೇಳಿಕೊಡಲು ಸಿದ್ಧರಿದ್ದಾರೆ.

ತಮ್ಮ ಇನ್ನೊಂದು ಗುಣ ದಯೆ. ಯುದ್ಧ, ದಂಗೆ, ಪ್ರವಾಹ, ಚಂಡಮಾರುತ, ಸಿಡಿಲು ಬಂದಾಗ ತಾವು ಗಡುವುಗಳನ್ನೆಲ್ಲ ಮಡಚಿಟ್ಟು ರಜೆಯ ಮೇಲೆ ತೆರಳುತ್ತೀರಿ. ನ್ಯಾಯವೇ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಕರಾವಳಿಯನ್ನು ಬಡಿದಾಗ ಗಡಿಯಾರ ಹಿಡಿದು ನಿಲ್ಲುವಷ್ಟು ಕಲ್ಲುಮನಸ್ಸು ನಮ್ಮದೂ ಅಲ್ಲ. ಆದರೆ ನಮ್ಮೂರಲ್ಲಿ ಕರೆಂಟು ಹೋಗುವುದು ಗಾಳಿಮಳೆಗೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಾಮೂಲಿ ಮಳೆ ಪ್ರಕೃತಿ ವಿಕೋಪವಲ್ಲ ನಿಜ. ಬಿದ್ದದ್ದು ಮಾಮೂಲಿಯೋ ವಿಕೋಪವೋ ಎಂದು ಮೊದಲು ಬರೆದುಕೊಳ್ಳುವ ಪೆನ್ನು ಮಾತ್ರ ವಿದ್ಯುತ್ ಕಂಪನಿಯವರ ಜೇಬಿನಲ್ಲಿದೆ.

ತಮ್ಮ ಬಂಧು 59ನೇ ಕಲಮಿನವರನ್ನೂ ಇಲ್ಲಿ ನೆನೆಯಬೇಕು. ಕಂಪನಿ ಎಷ್ಟು ಚೆನ್ನಾಗಿ ಕೆಲಸ ಮಾಡಿತು, ಎಷ್ಟು ಜನರಿಗೆ ಪರಿಹಾರ ಕೊಟ್ಟಿತು, ಒಟ್ಟು ಮೊತ್ತವೆಷ್ಟು ಎಂಬುದನ್ನು ಕಂಪನಿಯೇ ಆಯೋಗಕ್ಕೆ ಒಪ್ಪಿಸಬೇಕು ಎನ್ನುತ್ತಾರೆ ಅವರು. ಪರಿಹಾರದ ಆ ಕಾಲಮ್ಮು ತುಂಬುವುದಕ್ಕಿಂತ ಹಗುರವಾದ ಗುಮಾಸ್ತಗಿರಿ ಇಡೀ ಇಲಾಖೆಯಲ್ಲಿ ಇರಲಾರದೆಂದು ನನ್ನ ಊಹೆ. ಇನ್ನು ಕತ್ತಲೆಯ ಲೆಕ್ಕವನ್ನು ಸಾಮಾನ್ಯವಾಗಿ 11 ಕೆ.ವಿ. ಫೀಡರಿನ ಮಟ್ಟದಲ್ಲಿ ಹಿಡಿಯುತ್ತಾರೆ. ಸ್ಟೇಷನ್ನಿನಲ್ಲಿ ಫೀಡರ್ ಚಾರ್ಜ್ ಆಯಿತೋ, ಕರೆಂಟು ಬಂದಂತೆಯೇ! ಆ ಫೀಡರಿನ ತುದಿಯಲ್ಲಿ ಜಂಪರ್ ಕಟ್ಟಾಗಿ ಒಂಬತ್ತು ಮನೆಗಳ ಕೇರಿ ಐದು ರಾತ್ರಿ ಬುಡ್ಡಿದೀಪದಲ್ಲಿ ಉಂಡರೂ ಅದು ದಾಖಲೆಯಲ್ಲಿ ಬೆಳಗುತ್ತಲೇ ಇರುತ್ತದೆ. ಯಾವ ಸರ್ಕಾರ ತಾನೇ ಪ್ರಜೆಗಳಿಗೆ ಇಷ್ಟು ಅಗ್ಗದ ಬೆಳಕು ಕೊಟ್ಟೀತು?

ಹಾಗೆಂದು ಸರ್ಕಾರ ಸುಮ್ಮನಿದೆ ಎಂದರೆ ನಾಲಿಗೆ ಬಿದ್ದುಹೋದೀತು. ಮಳೆಗಾಲಕ್ಕೆ ಮುಂಚೆ ಪೂರ್ವಸಿದ್ಧತಾ ಸಭೆ, ಮಳೆ ಬಂದ ಮೇಲೆ ಪರಿಶೀಲನಾ ಸಭೆ. ಎರಡರಲ್ಲೂ ಅಧಿಕಾರಿಗಳಿಗೆ ತರಾಟೆ, ಕಟ್ಟುನಿಟ್ಟಿನ ಸೂಚನೆ, ಗೋಡಂಬಿ, ಬಿಸ್ಕತ್ತು. ಲೈನಿನ ಮೇಲೆ ಬಾಗಿದ ಅಕೇಶಿಯಾವನ್ನು ಏಪ್ರಿಲ್‌ನಲ್ಲೇ ಸವರಿದ್ದೀರಾ, ಸ್ಟೋರಿನಲ್ಲಿ ಎಷ್ಟು ಟಿಸಿ ಇವೆ, ಈ ಸೆಕ್ಷನ್ನಿಗೆ ಎಷ್ಟು ಜನ ಲೈನ್‌ಮನ್‌ಗಳು ಬೇಕು, ಎಷ್ಟಿದ್ದಾರೆ ಎಂಬಂಥ ಒರಟು ಪ್ರಶ್ನೆಗಳನ್ನು ಕೇಳಿ ಸಭೆಯ ಘನತೆ ಕೆಡಿಸಬಾರದು.

ಲೈನ್‌ಮನ್ ಎಂದಾಗ ಒಂದು ನಿಮಿಷ ಅಣಕ ಬದಿಗಿಡುತ್ತೇನೆ. ಮೊನ್ನೆಯ ಗಾಳಿಗೆ ಗದ್ದೆಬದುವಿನ ಕಂಬ ಮುರಿದಾಗ ಬಂದದ್ದು ಒಬ್ಬನೇ ಹುಡುಗ. ರೇನ್‌ಕೋಟಿನ ಒಂದು ತೋಳು ಹರಿದಿತ್ತು. ಎಲ್‌ಸಿ, ಅಂದರೆ ಲೈನಿನ ಕರೆಂಟು ನಿಲ್ಲಿಸಿದ ಖಾತರಿ, ತೆಗೆದುಕೊಳ್ಳಲು ನೆಟ್‌ವರ್ಕ್ ಸಿಗದೆ ಗುಡ್ಡ ಹತ್ತಿ ಫೋನ್ ಮಾಡಿ ಇಳಿದು ಬಂದ. ಹೊಸ ಕಂಬ ರಸ್ತೆಯವರೆಗೆ ಲಾರಿಯಲ್ಲಿ ಬಂತು. ಅಲ್ಲಿಂದ ಕೆಸರಿನಲ್ಲಿ ಹೊತ್ತವರು ನಾವು, ಗುಂಡಿ ತೋಡಿದವರೂ ನಾವೇ. ಸಂಜೆ ಅವನು ಮೇಲೆ ಹತ್ತಿ ತಂತಿ ಬಿಗಿದು ಕೆಳಗಿಳಿಯುವಾಗ ಕೈ ನಡುಗುತ್ತಿತ್ತು. ಯಾರೋ ಕಷಾಯ ಕೊಟ್ಟರು. ಅವನಿಗೆ ಆಮೇಲೆ ಬಂದದ್ದು ಇನ್ನೊಂದು ಊರಿನ ಫೋನ್. ಈ ಶಾಲು ನಿಜಕ್ಕೂ ಅವನದು. ಬಾರಪ್ಪ ಎಂದು ಕರೆದಿದ್ದೆವು, ಬಿಡುವಿಲ್ಲವಂತೆ.

ಆದ್ದರಿಂದ ಪೂಜ್ಯ ನಿಯಮಾವಳಿಯವರೇ, ಇಗೋ ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ. ನೆನಪಿನ ಕಾಣಿಕೆಯಾಗಿ ನಮ್ಮೂರಿನಿಂದ ಸಹಾಯವಾಣಿ 1912ಕ್ಕೆ ಕೊಟ್ಟ ದೂರುಗಳ ಪಟ್ಟಿಗೆ ಕಟ್ಟು ಹಾಕಿಸಿದ್ದೇವೆ. ಸ್ವೀಕರಿಸಿ ಎರಡು ಮಾತಾಡಬೇಕು. ಆದರೆ ಪರಿಹಾರ ನಿರ್ಧರಿಸುವ ಮೊದಲು ಕಂಪನಿಯವರ ವಾದ ಕೇಳಲೇಬೇಕೆಂದು 57ನೇ ಕಲಮೇ ಹೇಳುತ್ತದೆ. ಆದ ಕಾರಣ ಸಭಿಕರು ದಯವಿಟ್ಟು ಏಳಬಾರದು. ಕಾರ್ಯದರ್ಶಿಗಳು ಸೆಕ್ಷನ್ ಆಫೀಸಿಗೆ ಫೋನ್ ಹಚ್ಚುತ್ತಿದ್ದಾರೆ. ರಿಸೀವರ್ ಕೆಳಗಿಟ್ಟಂತಿದೆ, ಇನ್ನೊಮ್ಮೆ ನೋಡುತ್ತಾರೆ.