ಕಂಬಕ್ಕೆ ಬಡಿದ ಕಾಕಾ

ಹೈದರಾಬಾದಿನಲ್ಲಿ ಕ್ರಿಕೆಟ್ ಸೋತರೆ ಬೈಯಲು ಊರಿಗೆ ಊರೇ ಇದೆ. ಫುಟ್‌ಬಾಲ್ ಸೋತರೆ ಮೊಹಲ್ಲಾಕ್ಕೊಬ್ಬ ಸಿಕ್ಕರೆ ಹೆಚ್ಚು. ಕಾಚಿಗುಡದಲ್ಲಿ ಆ ಹೊಣೆಯನ್ನು ನಮ್ಮ ಕಾಕಾ ಹೊತ್ತಿದ್ದಾರೆ. ಕಲಬುರಗಿ ಕಡೆಯಿಂದ ನೌಕರಿಗೆಂದು ಬಂದವರು. ಮಕ್ಕಳನ್ನು ನೃಪತುಂಗ ಶಾಲೆಗೆ ಹಾಕಿ ಓದಿಸಿದರು, ರಿಟೈರಾದರು. ಅಲ್ಲಿಂದೀಚೆಗೆ ಸೋಲಿನ ಉಸ್ತುವಾರಿ ನೋಡಿಕೊಂಡಿದ್ದಾರೆ. ಸಂಬಳವಿಲ್ಲ, ರಜೆಯೂ ಇಲ್ಲ.

ಹಾಗಂತ ಸಿಕ್ಕಸಿಕ್ಕ ಸೋಲನ್ನೆಲ್ಲ ಕಾಕಾ ಮುಟ್ಟುವುದಿಲ್ಲ. ನಾಲ್ಕು-ಸೊನ್ನೆ ಆಯಿತೆನ್ನಿ, "ಅದೇನ್ ಸೋಲು ತಮ್ಮಾ, ಅದು ಆಕ್ಸಿಡೆಂಟು" ಎಂದು ಟಿ.ವಿ. ಆರಿಸಿ ನಿದ್ದೆಹೋಗುತ್ತಾರೆ. ಅವರಿಗೆ ಬೇಕಾದದ್ದು ಕೂದಲೆಳೆಯಲ್ಲಿ ತಪ್ಪಿದ ಗೆಲುವು. ಅಂಥದ್ದೊಂದು ಸಿಕ್ಕರೆ ವರ್ಷಗಟ್ಟಲೆ ಸಾಕುತ್ತಾರೆ. ಈಗ ಸಾಕುತ್ತಿರುವುದು 2023ರ ಮಾರ್ಚ್ 13ರದ್ದು.

ಅಂದು ಕೊಲ್ಕತ್ತಾದಲ್ಲಿ ಐಎಸ್ಎಲ್ ಸೆಮಿಫೈನಲ್ಲಿನ ಎರಡನೇ ಪಂದ್ಯ. ಹೈದರಾಬಾದ್ ಎಫ್‌ಸಿ ಹಿಂದಿನ ವರ್ಷದ ಚಾಂಪಿಯನ್. ಎದುರಿಗೆ ಎಟಿಕೆ ಮೋಹನ್ ಬಾಗಾನ್. ಮೊದಲ ಪಂದ್ಯ ನಾಲ್ಕು ದಿನ ಮುಂಚೆ ಗಚ್ಚಿಬೌಲಿಯಲ್ಲೇ ಆಗಿತ್ತು. ಮೆಟ್ರೋ ರಾಯದುರ್ಗದಲ್ಲೇ ಕೈಬಿಡುತ್ತದೆ, ಅಲ್ಲಿಂದ ಆಟೋದವನ ಜೊತೆ ಜಗಳಾಡುತ್ತ ಹೋಗಿ ಕಾಕಾ ನೋಡಿ ಬಂದದ್ದು ಸೊನ್ನೆ-ಸೊನ್ನೆ. ಕೊಲ್ಕತ್ತಾದಲ್ಲೂ ಸೊನ್ನೆ-ಸೊನ್ನೆ, ಎಕ್ಸ್‌ಟ್ರಾ ಟೈಮಿನಲ್ಲೂ ಅದೇ. ಎರಡೂ ಸೇರಿ 210 ನಿಮಿಷ ಯಾರೂ ಒಂದು ಗೋಲು ಹೊಡೆಯಲಿಲ್ಲ. ಆಮೇಲೆ ಪೆನಾಲ್ಟಿಯಲ್ಲಿ ನಾಲ್ಕು-ಮೂರರಿಂದ ನಮ್ಮವರು ಸೋತರು.

ಸುದ್ದಿ ಇಷ್ಟೇ. ಕಾಕಾರಿಗೆ ಮಾತ್ರ ಕೆಲಸ ಶುರುವಾದದ್ದು ಇಲ್ಲಿಂದ. ಇರಾನಿ ಹೋಟೆಲಿನ ಮೂಲೆಯ ಮೇಜಿನ ಮೇಲೆ ಎರಡು ನೀರಿನ ಗ್ಲಾಸು ಇಡುತ್ತಾರೆ: ಗೋಲು. ನಡುವೆ ಚಹಾದ ಬಸಿಯನ್ನು ಲೋಟಕ್ಕೆ ಒರಗಿಸಿ ನಿಲ್ಲಿಸುತ್ತಾರೆ: ಮೋಹನ್ ಬಾಗಾನಿನ ಗೋಲ್‌ಕೀಪರ್ ವಿಶಾಲ್ ಕೈತ್. ಉಸ್ಮಾನಿಯಾ ಬಿಸ್ಕೀಟೇ ಚೆಂಡು. ನಮ್ಮ ಸಿವೇರಿಯೋ ಹೊಡೆದದ್ದು ಬಸಿಗೆ ಬಡಿದು ಹೊರಳುತ್ತದೆ. ಆ ಬಿಸ್ಕೀಟನ್ನು ಕಾಕಾ ಮಾತಾಡದೆ ಪಕ್ಕಕ್ಕಿಡುತ್ತಾರೆ. ಇನ್ನೊಂದು ಬಿಸ್ಕೀಟು ಬರುತ್ತದೆ. ಇದು ಓಗ್ಬೆಚೆಯದು. ಹಿಂದಿನ ಸೀಸನ್ನಿನಲ್ಲಿ 18 ಗೋಲು ಹೊಡೆದ ಮನುಷ್ಯ! ಕಾಕಾ ತೋರುಬೆರಳನ್ನು ಹೆಬ್ಬೆರಳಿಗೆ ಕೊಕ್ಕೆ ಹಾಕಿ, ಉಸಿರು ಹಿಡಿದು, ಚಿಮ್ಮುತ್ತಾರೆ. ಬಿಸ್ಕೀಟು ಎಡಗಡೆಯ ಗ್ಲಾಸಿಗೆ ಟಣ್ ಎಂದು ಬಡಿದು ಹೊರಕ್ಕೆ ಬೀಳುತ್ತದೆ.

"ನೋಡ್ದಿ? ಒಂದ್ ಬಟ್ಟು ತಮ್ಮಾ, ಒಂದೇ ಒಂದ್ ಬಟ್ಟು ಒಳಗ ಬಂದಿದ್ರ! ಆ ಕಂಬಕ್ಕ ಅಲ್ಲೇ ನಿಂದರೋದು ಏನ್ ಬೇಕಾಗಿತ್ತು?"

ಕಂಬ ಇನ್ನೆಲ್ಲಿ ನಿಲ್ಲಬೇಕಿತ್ತು ಎಂದು ಕೇಳುವ ಧೈರ್ಯ ಯಾರಿಗೂ ಇಲ್ಲ. ಅಷ್ಟರಲ್ಲಿ ಹೋಟೆಲಿನ ಹುಡುಗ ಬಂದು ಕಂಬಗಳನ್ನು ಎತ್ತಿಕೊಂಡು ಹೋಗುತ್ತಾನೆ, ಇನ್ನೊಂದು ಮೇಜಿನವರಿಗೆ ನೀರು ಬೇಕಂತೆ. ಅಂದು ಮೋಹನ್ ಬಾಗಾನಿನದೂ ಒಂದು ಪೆನಾಲ್ಟಿ ತಪ್ಪಿತ್ತು, ಕಾಕಾರಿಗೆ ಅರ್ಧ ಜೀವ ಬಂದಿತ್ತು. ಕೊನೆಗೆ ಪ್ರೀತಂ ಕೋಟಾಲ್ ಹೊಡೆದು ಮುಗಿಸಿದ. ಆ ಭಾಗವನ್ನು ಮಾತ್ರ ಕಾಕಾ ಆಡಿ ತೋರಿಸುವುದಿಲ್ಲ. ಉಳಿದ ಬಿಸ್ಕೀಟನ್ನು ಚಹಾಕ್ಕೆ ಅದ್ದಿ ತಿಂದುಬಿಡುತ್ತಾರೆ.

ಓಗ್ಬೆಚೆಯನ್ನು ಅವರು ಬೈದದ್ದನ್ನು ನಾನು ಕೇಳಿಲ್ಲ. ತಪ್ಪು ಕಂಬದ್ದು, ಗಾಳಿಯದು, ಹುಲ್ಲಿನದು. ಕಡೆಗೆ ಕಾಕಿಯದು: ಅದೇ ಹೊತ್ತಿಗೆ ಒಳಗಿನಿಂದ "ಊಟಕ್ಕ ಬರ್ತೀರೇನ್ರಿ?" ಎಂದು ಕೂಗಿದ್ದರಂತೆ. ಕಾಕಿ ಇದಕ್ಕೆ ಒಂದೇ ಜವಾಬು ಇಟ್ಟುಕೊಂಡಿದ್ದಾರೆ. "ನಾ ಅಡಗಿ ಮನ್ಯಾಗ ಇದ್ದೆ, ಕಂಬ ಕೊಲ್ಕತ್ತಾದಾಗ ಇತ್ತು. ನಡುವ ಎಷ್ಟ್ ಮೈಲಿ ಐತಿ, ನೀವೇ ಲೆಕ್ಕ ಹಾಕ್ರಿ."

ಗೆಲುವಿನ ಬಗ್ಗೆ ಕೇಳಿ ನೋಡಿ, ಎರಡು ವಾಕ್ಯದಲ್ಲಿ ಮುಗಿಸುತ್ತಾರೆ. 2022ರ ಮಾರ್ಚ್ 20ರಂದು ಗೋವಾದಲ್ಲಿ ಹೈದರಾಬಾದ್ ಕಪ್ಪು ಗೆದ್ದಿತಲ್ಲ, 88ನೇ ನಿಮಿಷದಲ್ಲಿ ಸಾಹಿಲ್ ತವೋರಾ ಸಮ ಮಾಡಿದ, ಪೆನಾಲ್ಟಿಯಲ್ಲಿ ಗೋಲ್‌ಕೀಪರ್ ಲಕ್ಷ್ಮೀಕಾಂತ ಕಟ್ಟೀಮನಿ ಮೂರು ತಡೆದ. "ಕಟ್ಟೀಮನಿ ಅಂದ್ಮ್ಯಾಲ ನಮ್ಮಾವನೇ" ಎಂದು ಗೋವಾದ ಹುಡುಗನನ್ನು ನಿಂತ ನಿಲುವಿನಲ್ಲೇ ಉತ್ತರ ಕರ್ನಾಟಕಕ್ಕೆ ಸೇರಿಸಿಕೊಂಡು ಸುಮ್ಮನಾದರು. ಆ ರಾತ್ರಿ ಅವರ ಮನಸ್ಸಿದ್ದದ್ದು ಮಹಡಿಯ ಮನೆಯ ಮಲಯಾಳಿಯ ಮೇಲೆ. ಆತ ಅಂದು ಸೋತ ಕೇರಳ ಬ್ಲಾಸ್ಟರ್ಸ್ ತಂಡದ ಭಕ್ತ. 2014ರ ಫೈನಲ್ಲಿನಲ್ಲಿ ಕೊನೆಯ ಗಳಿಗೆಯ ಗೋಲಿಗೆ ಸೋತವರು, 2016ರಲ್ಲಿ ಪೆನಾಲ್ಟಿಯಲ್ಲಿ ಸೋತವರು, ಈಗ ಮತ್ತೆ ಪೆನಾಲ್ಟಿ. ಸಮಾಧಾನ ಹೇಳಲು ಮೆಟ್ಟಿಲು ಹತ್ತಿದ ಕಾಕಾ ಇಳಿದು ಬರುವಾಗ ಮುಖ ಸಣ್ಣದಾಗಿತ್ತು. "ಮೂರು ಫೈನಲ್ಲು, ಮೂರೂ ಕೂದಲೆಳಿ! ಪುಣ್ಯ ಮಾಡ್ಯಾನ ಮಗ." ಅದು ಅಪ್ಪಟ ಹೊಟ್ಟೆಕಿಚ್ಚು.

ಊರಿಗೆ ಫುಟ್‌ಬಾಲ್ ಹುಚ್ಚು ಹೊಸದಲ್ಲ. ಹೈದರಾಬಾದ್ ಪೊಲೀಸ್ ತಂಡ 1950ರಿಂದ 54ರವರೆಗೆ ಸತತ ಐದು ರೋವರ್ಸ್ ಕಪ್ ಎತ್ತಿಕೊಂಡು ಬಂದ ಊರಿದು. ಅದರ ಕೋಚ್ ಸಯ್ಯದ್ ಅಬ್ದುಲ್ ರಹೀಂ ಸಾಹೇಬರು ಶಾಲೆಯ ಮೇಷ್ಟ್ರಾಗಿದ್ದವರು, ಭಾರತದ ತಂಡವನ್ನೂ ಅವರೇ ತಿದ್ದಿದರು. ಆಗ ಕಲಬುರಗಿ, ಬೀದರ, ರಾಯಚೂರು ಹೈದರಾಬಾದ್ ರಾಜ್ಯದಲ್ಲೇ ಇದ್ದವಾದ್ದರಿಂದ ಐದೂ ಕಪ್ಪಿನಲ್ಲಿ ತಮಗೂ ಪಾಲಿದೆ ಎಂಬುದು ಕಾಕಾರ ವಾದ. 1956ರಲ್ಲಿ ರಾಜ್ಯ ಒಡೆದು ಪಾಲಾದಾಗ ಕಪ್ಪುಗಳನ್ನು ಪಾಲು ಮಾಡಲಿಲ್ಲವಂತೆ.

ಆದರೆ ಕಾಕಾ ಅಭಿಮಾನದಿಂದ ಎತ್ತುವುದು ಐದು ಕಪ್ಪನ್ನಲ್ಲ, 1960ರ ರೋಮ್ ಒಲಿಂಪಿಕ್ಸನ್ನು. ಹಂಗೇರಿ ಎದುರು ಭಾರತ ಎರಡು-ಒಂದರಿಂದ ಸೋತಿತು. ನಮ್ಮ ಆ ಒಂದು ಗೋಲು ಸಿಕಂದರಾಬಾದಿನ ಅಮ್ಮುಗುಡದ ಹುಡುಗ ತುಳಸಿದಾಸ ಬಲರಾಮನದು. ಆಗ ಕಾಕಾ ತೊಟ್ಟಿಲಲ್ಲಿದ್ದರು, ಆದರೂ ನೋಡಿದವರ ಹಾಗೆ ಹೇಳುತ್ತಾರೆ. ಎರಡು ವರ್ಷದ ಮೇಲೆ ಜಕಾರ್ತಾದ ಏಷ್ಯನ್ ಗೇಮ್ಸ್ ಫೈನಲ್ಲಿನಲ್ಲಿ ರಹೀಂ ಸಾಹೇಬರ ಹುಡುಗರು ದಕ್ಷಿಣ ಕೊರಿಯಾವನ್ನು ಅದೇ ಎರಡು-ಒಂದರಿಂದ ಸೋಲಿಸಿ ಚಿನ್ನ ತಂದರು ಎಂದು ಯಾರಾದರೂ ನೆನಪಿಸಿದರೆ ಕಾಕಾ ನಿಟ್ಟುಸಿರು ಬಿಡುತ್ತಾರೆ. "ಪಾಪ, ಕೊರಿಯಾದವ್ರಿಗಿ ಆ ರಾತ್ರಿ ನಿದ್ದಿ ಹತ್ತಿತ್ತೋ ಇಲ್ಲೋ."

2023ರ ಫೆಬ್ರವರಿಯಲ್ಲಿ ಬಂಗಾಳದಲ್ಲೇ ನೆಲೆಸಿದ್ದ ಬಲರಾಂ ತೀರಿಕೊಂಡರು. ತಿಂಗಳು ತುಂಬುವುದರೊಳಗೆ ಆ ಸೆಮಿಫೈನಲ್. ಇವೆರಡನ್ನೂ ಸೇರಿಸಿ ಕಾಕಾ ಏನೋ ಲೆಕ್ಕ ಹೇಳುತ್ತಾರೆ, ನನಗದು ಹತ್ತಿಲ್ಲ.

ಸೆಮಿಫೈನಲ್ ಸೋತ ಮರುದಿನವೇ ಅವರು ಬೆಂಗಳೂರು ಎಫ್‌ಸಿ ಪಕ್ಷ ಸೇರಿದರು. ಕಾರಣ ಕನ್ನಡಾಭಿಮಾನ, ಮೇಲಾಗಿ ಫೈನಲ್ಲಿನಲ್ಲಿ ಎದುರಿಗೆ ಅದೇ ಮೋಹನ್ ಬಾಗಾನ್. "ಛೇತ್ರಿ ನಮ್ಮ ಸೇಡು ತೀರಸ್ತಾನ ನೋಡು" ಎಂದು ಕರ್ನಾಟಕ ಸಾಹಿತ್ಯ ಮಂದಿರದಲ್ಲಿ ವಚನದ ಉಪನ್ಯಾಸದ ನಡುವೆ ಸಾರಿದರು. 18ನೇ ತಾರೀಕು ಪಂದ್ಯ ಎರಡು-ಎರಡು ಸಮವಾಗಿ, ಬೆಂಗಳೂರು ಪೆನಾಲ್ಟಿಯಲ್ಲಿ ಸೋತದ್ದು ನಾಲ್ಕು-ಮೂರರಿಂದ. ಐದೇ ದಿನದಲ್ಲಿ ಅದೇ ಎದುರಾಳಿ, ಅದೇ ಅಂಕೆ! ಬೆಂಗಳೂರಿನ ಅಳಿಯ ಫೋನು ಮಾಡಿ, "ಮಾವಾ, ದಯವಿಟ್ಟು ನಮ್ಮ ಟೀಮ್ ಬಿಟ್ಟುಬಿಡಿ" ಎಂದು ಕೈಮುಗಿದ. ಕಾಕಾ ಬಿಡಲಿಲ್ಲ. 2025ರ ಏಪ್ರಿಲಿನ ಫೈನಲ್ಲಿನಲ್ಲಿ ಬೆಂಗಳೂರು ಮತ್ತೆ ಮೋಹನ್ ಬಾಗಾನಿಗೆ ಎಕ್ಸ್‌ಟ್ರಾ ಟೈಮಿನಲ್ಲಿ ಎರಡು-ಒಂದರಿಂದ ಸೋತಿತು. ಅಳಿಯ ಈಗ ಫೋನನ್ನೂ ಮಾಡುವುದಿಲ್ಲ.

ಇಷ್ಟರಲ್ಲಿ ಸ್ವಂತ ತಂಡವೇ ಕೈತಪ್ಪುತ್ತ ಬಂತು. 2023-24ರಲ್ಲಿ ಸಂಬಳ ಬಾಕಿ, ವಿದೇಶಿ ಆಟಗಾರರು ಗಂಟುಮೂಟೆ ಕಟ್ಟಿದರು, 22 ಪಂದ್ಯದಲ್ಲಿ ಗೆದ್ದದ್ದು ಒಂದು, ಪಟ್ಟಿಯಲ್ಲಿ ತಳ. ಕಾಕಾರಿಗೆ ಅದು ಕೆಟ್ಟ ಕಾಲ. ಅಷ್ಟು ಸೋಲಿನ ರಾಶಿಯಲ್ಲಿ ಕಂಬಕ್ಕೆ ಬಡಿದದ್ದನ್ನು ಯಾರು ಲೆಕ್ಕ ಇಡುತ್ತಾರೆ? 2025ರಲ್ಲಂತೂ ತಂಡ ದಿಲ್ಲಿಗೆ ಹೋಗಿ ಸ್ಪೋರ್ಟಿಂಗ್ ಕ್ಲಬ್ ದಿಲ್ಲಿ ಎಂದು ಹೆಸರನ್ನೇ ಬದಲಿಸಿಕೊಂಡಿತು. ಊರಿನಲ್ಲಿ ಐ-ಲೀಗಿನ ಶ್ರೀನಿಧಿ ಡೆಕ್ಕನ್ ಇದೆಯಲ್ಲ ಎಂದೆ. ಅದು 2022-23ರಲ್ಲೂ ಮರುವರ್ಷವೂ ಎರಡನೇ ಸ್ಥಾನಕ್ಕೇ ನಿಂತದ್ದು ಎಂದಾಗ ಕಾಕಾರ ಕಿವಿ ನೆಟ್ಟಗಾಯಿತು. "ಎರಡ್ ಸಲಾನೂ ಎರಡನೇದು? ಮೊದಲೇ ಯಾಕ ಹೇಳ್ಲಿಲ್ಲ?"

ಮೊನ್ನೆ ಕೇಳಿದೆ: "ಕಾಕಾ, ಇನ್ನ ದಿಲ್ಲಿಯವ್ರು ಸೋತ್ರ ನಿಮಗೇನು ಅನ್ಸಂಗಿಲ್ಲ, ಹೌದಿಲ್ಲೋ?"

"ನನಗೇನಾಗ್ಬೇಕು? ಬ್ಯಾರೆ ಊರು, ಬ್ಯಾರೆ ಹೆಸರು. ನಕ್ಕೋ, ಆ ಮಾತೇ ಬ್ಯಾಡ" ಎಂದು ಬಸಿಗೆ ಚಹಾ ಸುರುವಿಕೊಂಡರು. ಊದಿ ಊದಿ ಒಂದು ಗುಟುಕು ಕುಡಿದು, ನನ್ನ ಕಡೆ ನೋಡದೆ ಹೇಳಿದರು: "ಎಷ್ಟರಾಗ ಸೋಲ್ತಾರ ಅನ್ನೋದರ ಮ್ಯಾಲ ಅದ."